ಟಾಕಿಗೆ ಹೆಪ್ಪು

ಬುಧವಾರ ಸಂಜೆ ಐದಕ್ಕೆ ನಮ್ಮ ಭಾವ ಗುರುಸಿದ್ಧಪ್ಪನವರು ಎಲ್ಲರನ್ನೂ ಹಿತ್ತಲಿಗೆ ಕರೆದರು. ಎಲ್ಲರೂ ಎಂದರೆ ಅವರ ಹೆಂಡತಿ ಮಹಾನಂದಕ್ಕ, ಅವರ ತಮ್ಮ ಅಂದರೆ ನನ್ನ ಯಜಮಾನರು ಬಸವಂತಪ್ಪ, ಮತ್ತು ನಾನು. ಬೇವಿನ ಮರದ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಏನೋ ಒಂದು, ಅದರ ಮೇಲೆ ಮಹಾನಂದಕ್ಕನ ಹೊಸ ಟವೆಲ್ಲು. ಭಾವನವರ ಹೆಗಲ ಮೇಲೆ ಜರಿ ಶಲ್ಯ. ಅವರು ಶಲ್ಯ ಹೊದ್ದರೆಂದರೆ ಹೊಸ ಯಂತ್ರ ಹುಟ್ಟಿದೆ ಎಂದೇ ಅರ್ಥ! ಹಿಂದೊಮ್ಮೆ ಹೊದ್ದದ್ದು ರೊಟ್ಟಿ ಬಡಿಯುವ ಯಂತ್ರ ತೋರಿಸಿದ ದಿನ. ಅವತ್ತು ಬಡಿದ ರೊಟ್ಟಿಗಳಲ್ಲಿ ಎರಡು ಇಂದಿಗೂ ಅಡುಗೆಮನೆಯ ಸೂರಿಗೆ ಅಂಟಿಕೊಂಡಿವೆ.

ಭಾವನವರು ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಗಿರಣಿ ಅವರನ್ನು ನಿವೃತ್ತಿ ಮಾಡಿತೇ ಹೊರತು ಅವರ ಕೈಗಳನ್ನು ಮಾಡಲಿಲ್ಲ. ಅದರ ಫಲವನ್ನು ಉಣ್ಣುವವರು ನಾವು.

"ಇವನ ಹೆಸರು ಹೆಪ್ಪುರಾಜ," ಎಂದು ಭಾವ ಟವೆಲ್ಲು ತೆಗೆದರು.

ಹಳೆಯ ಗ್ರೈಂಡರಿನ ಡ್ರಮ್ಮು, ಅದರ ಹೊಟ್ಟೆಯಲ್ಲಿ ಮಿಕ್ಸರಿನ ಮೋಟರು, ಬೆನ್ನಿಗೆ ಮೀನಿನ ತೊಟ್ಟಿಯ ಪಂಪು, ಎದೆಯ ಮೇಲೆ ಟೇಪ್‌ರೆಕಾರ್ಡರಿನ ಸ್ಪೀಕರು, ಪಕ್ಕದಲ್ಲಿ ಒಂದರಿಂದ ಹತ್ತರವರೆಗೆ ಅಂಕೆ ಬರೆದ ತಿರುಪು. ಮೇಲಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ಹೊರಟು, ಗೋಡೆಗುಂಟ ನಿಂತ ನಮ್ಮ ಟಾಕಿಯ ಗಾಳಿಕೊಳವೆಯೊಳಗೆ ಇಳಿದಿತ್ತು.

ಟಾಕಿ ಎಂದರೆ ಸೆಪ್ಟಿಕ್ ಟ್ಯಾಂಕು. ಗದಗಿನ ಹೊರಗಿರುವ ನಮ್ಮ ಬಡಾವಣೆಯಲ್ಲಿ ಮನೆಗೊಂದು ಟಾಕಿ. ಆದರೆ ಈ ಅಣ್ಣತಮ್ಮಂದಿರು ಒಂದೇ ಸೈಟಿನಲ್ಲಿ ನಡುವೆ ಒಂದೇ ಗೋಡೆಯಿಟ್ಟು ಎರಡು ಮನೆ ಕಟ್ಟಿಸಿದ್ದರಿಂದ ನಮಗೆ ಮಾತ್ರ ಎರಡು ಮನೆಗೆ ಒಂದೇ ಟಾಕಿ. ಕಟ್ಟಿ ಹದಿನಾಲ್ಕು ವರ್ಷವಾಯಿತು. ಅಷ್ಟೂ ವರ್ಷ ನಾವು ಅದನ್ನು ನೆನೆಸಲಿಲ್ಲ, ಅದೂ ನಮ್ಮನ್ನು ನೆನೆಸಲಿಲ್ಲ. ಹದಿನೈದು ದಿನದಿಂದ ಈಚೆಗೆ ನೆನೆಸತೊಡಗಿತ್ತು. ಪಾಯಖಾನೆಗೆ ಒಂದು ಬಕೆಟ್ ನೀರು ಹೊಯ್ದರೆ ಅದು ಅಲ್ಲೇ ನಿಂತು, ಎರಡು ಸುತ್ತು ತಿರುಗಿ, ಹೋಗಲೋ ಬೇಡವೋ ಎಂದು ವಿಚಾರ ಮಾಡಿ, ಆಮೇಲೆ ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು.

ಬರುವ ಭಾನುವಾರ ನನ್ನ ಮಗಳು ದಾನೇಶ್ವರಿಯ ಕುಬಸ. ಏಳು ತಿಂಗಳ ಬಸುರಿ; ಹಸಿರು ಸೀರೆ ಉಡಿಸಿ, ಆರತಿ ಮಾಡಿ, ಹೋಳಿಗೆ ಊಟ ಹಾಕಬೇಕು. ಬೀಗರ ಕಡೆಯಿಂದ ಮೂವತ್ತು ಮಂದಿ, ನಮ್ಮ ಕಡೆಯಿಂದ ಮೂವತ್ತು. ಮಂದಿಯ ಮಾತು ಹಾಗಿರಲಿ, ಹೊಟ್ಟೆಯಲ್ಲಿ ಕೂಸನ್ನಿಟ್ಟುಕೊಂಡ ನನ್ನ ಮಗಳು ಅರ್ಧ ತಾಸಿಗೊಮ್ಮೆ ಓಡಬೇಕು. ತವರುಮನೆಗೆ ಬಂದ ಬಸುರಿಗೆ ಅದೊಂದಕ್ಕೆ ಜಾಗವಿಲ್ಲ ಎಂದಾದರೆ ನಾನು ತಾಯಿಯಾಗಿ ಇದ್ದೇನು ಪ್ರಯೋಜನ? ಭಾನುವಾರದೊಳಗೆ ಪಾಯಖಾನೆ ಸರಿಯಾಗಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಅದಕ್ಕೇ ಸೋಮವಾರ ದಾವಲಸಾಬನನ್ನು ಕರೆಸಿದ್ದೆ. ಅವನದು ಟಾಕಿಯ ರಾಡಿ ಎಳೆಯುವ ಗಾಡಿ. ಮನುಷ್ಯರನ್ನು ಒಳಗಿಳಿಸುವ ಮಾತೇ ಇಲ್ಲ; ದಪ್ಪ ಪೈಪು ಬಿಟ್ಟು, ಮೋಟರು ಹಚ್ಚಿ, ಅರ್ಧ ತಾಸಿನಲ್ಲಿ ಖಾಲಿ ಮಾಡುತ್ತಾನೆ. ಬಂದವನು ಟಾಕಿಯ ಮುಚ್ಚಳ ಎಲ್ಲಿ ಎಂದು ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮನೆ ಕಟ್ಟಿಸುವಾಗ ಮೇಲುಸ್ತುವಾರಿ ಭಾವನವರದು. ನಕ್ಷೆ ತಮ್ಮ ತಲೆಯಲ್ಲಿದೆ ಎಂದು ಅವರು ಪಪ್ಪಾಯಿ ಗಿಡದ ಬುಡ ತೋರಿಸಿದರು. ಅಗೆದರೆ ಪಪ್ಪಾಯಿಯ ಬೇರು ಸಿಕ್ಕಿತು. ತುಳಸಿಯ ಪಕ್ಕ ತೋರಿಸಿದರು. ಅಲ್ಲಿ ನಲ್ಲಿಯ ಪೈಪು ಒಡೆದು ನನ್ನ ಮುಖಕ್ಕೇ ಕಾರಂಜಿ ಹಾರಿತು. ಮೂರನೆಯ ಗುಂಡಿಯಲ್ಲಿ, ಕಾಣೆಯಾಗಿದ್ದ ಮಹಾನಂದಕ್ಕನ ಲಟ್ಟಣಿಗೆ ಸಿಕ್ಕಿತು. ಮುಚ್ಚಳ ಮಾತ್ರ ಸಿಗಲಿಲ್ಲ.

ದಣಿದು ಎಲ್ಲರೂ ಬೇವಿನ ಕೆಳಗಿನ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಅದು ನಮ್ಮ ಮಾವನವರ ನೆನಪಿಗೆ ಭಾವ ಹಾಕಿಸಿದ ಕಲ್ಲುಬೆಂಚು. ಬೆನ್ನಿನ ಮೇಲೆ "ಲಿಂಗೈಕ್ಯ ಶ್ರೀ ವೀರಭದ್ರಪ್ಪನವರ ಸ್ಮರಣಾರ್ಥ" ಎಂದು ಕೆತ್ತಿದೆ. ಹತ್ತು ಮಳೆಗಾಲ ಕಳೆದರೂ ಕೂದಲೆಳೆಯಷ್ಟೂ ವಾಲಿಲ್ಲ. ಎಂಥಾ ಅಡಿಪಾಯ ನೋಡು ಎಂದು ಭಾವ ಅವತ್ತೂ ಅದನ್ನು ತಟ್ಟಿ ತೋರಿಸಿದರು.

ಮುಚ್ಚಳ ಸಿಕ್ಕಿದ ಮೇಲೆ ಫೋನ್ ಮಾಡಿರಿ ಎಂದು ದಾವಲಸಾಬ ಎದ್ದ. ಭಾವ ಅವನನ್ನು ತಡೆದು, ಟಾಕಿಯೊಳಗೆ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ, ಅವಕ್ಕೆ ಶಕ್ತಿ ತುಂಬಿದರೆ ಎಲ್ಲವನ್ನೂ ತಿಂದು ಹಾಕುತ್ತವೆ, ಎಳೆಯಲು ಏನು ಉಳಿಯುತ್ತದೆ ಎಂದು ಕೇಳಿದರು. ದಾವಲಸಾಬ ಚಹಾದ ಕಪ್ಪು ಕೆಳಗಿಟ್ಟ.

"ಪಂಗ್ತ್ಯಾಗ ಉಂಡ ಮಂದಿ ಎಲಿ ಬಿಟ್ಟ ಏಳತಾರಲ್ರಿ, ಯಜಮಾನ್ರ? ಎಲಿ ಯಾರರ ಎತ್ತಬೇಕಲ್ಲ. ಹುಳಾ ಉಣ್ಣೂದ ಉಣ್ಣತಾವ, ಉಳಿದದ್ದು ತಳಕ್ಕ ಕೂಡತೈತಿ. ನೀವು ಮಾತ್ರ ಏನೂ ಹಾಕಾಕ ಹೋಗಬ್ಯಾಡ್ರಿ. ಅದಕ್ಕ ಬೇಕಾದ್ದೆಲ್ಲಾ ನೀವ ದಿನಾ ಮುಂಜಾನೆ ಹಾಕತೀರಿ."

ಇಷ್ಟು ತಿಳಿಯಾಗಿ ಹೇಳಿದ್ದನ್ನು ಭಾವನವರು ವಿಜ್ಞಾನಕ್ಕೆ ಆದ ಅವಮಾನವೆಂದು ತಿಳಿದರು. ಎರಡು ದಿನ ಬಾಗಿಲು ಹಾಕಿಕೊಂಡರು. ಹೆಪ್ಪುರಾಜ ಹುಟ್ಟಿದ್ದು ಹೀಗೆ.

ಅವರ ಸಿದ್ಧಾಂತ ಸರಳವಾಗಿತ್ತು. ಮೊಸರಿನ ಗಡಿಗೆಯನ್ನು ಯಾರಾದರೂ ಪಂಪು ಹಚ್ಚಿ ಖಾಲಿ ಮಾಡುತ್ತಾರೆಯೇ? ಹೆಪ್ಪು ಹಾಕುತ್ತಾರೆ. ಮೊಸರು ಕೆಟ್ಟರೆ ನೆರೆಮನೆಯಿಂದ ಒಳ್ಳೆಯ ಹೆಪ್ಪು ತರುತ್ತಾರೆ. ಟಾಕಿಯೂ ಅಷ್ಟೇ. ಹೆಪ್ಪುರಾಜ ಡ್ರಮ್ಮಿನಲ್ಲಿ ಹೆಪ್ಪು ಬೆಳೆಸುತ್ತಾನೆ, ಟಾಕಿಗೆ ಇಳಿಸುತ್ತಾನೆ, ಮನುಷ್ಯರ ಕಿವಿಗೆ ಕೇಳದ ಒಂದು ನಾದವನ್ನು ಹೊರಡಿಸುತ್ತಾನೆ. ಆ ನಾದ ಕೇಳಿದ ಹುಳ ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ! ಅದಲ್ಲದೆ ಅವನಿಗೊಂದು ಮೂಗೂ ಇದೆ. ಟಾಕಿಯ ಗಾಳಿ ಮೂಸಿ, ಹುಳಗಳ ಮನಸ್ಸಿನಲ್ಲಿರುವುದನ್ನು ತಿಳಿದು, ಬಾಯಿಬಿಟ್ಟು ಹೇಳುತ್ತಾನೆ.

"ಯಾರ ದನಿಯಾಗ ಹೇಳತಾನ?" ಎಂದು ನಾನು ಕೇಳಿದೆ.

ಮಹಾನಂದಕ್ಕ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಭಾವ ಅವಳಿಂದ ನೂರು ಶಬ್ದ ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದರಂತೆ. ಯಾತಕ್ಕೆ ಎಂದು ಪಾಪ ಅವಳಿಗೆ ಹೇಳಿರಲಿಲ್ಲ.

ಭಾವ ಅಂಗಡಿಯಿಂದ ತಂದ ಯಾವುದೋ ಬ್ಯಾಕ್ಟೀರಿಯಾ ಪುಡಿಯ ಪಾಕೀಟು ಒಡೆದು ಡ್ರಮ್ಮಿಗೆ ಸುರಿದರು, ತಿರುಪನ್ನು ಎರಡಕ್ಕೆ ಇಟ್ಟರು. ಡ್ರಮ್ಮು ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಮಹಾನಂದಕ್ಕನ ದನಿ ಬಂತು. "ಆರಾಮ ಅದೇವಿ. ನೀವೆಲ್ಲಾ ಆರಾಮ?"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಟಾಕಿ ನಮ್ಮ ಯೋಗಕ್ಷೇಮ ಕೇಳಿತ್ತು. ನನ್ನ ಯಜಮಾನರು ಗಾಬರಿಯಲ್ಲಿ ಆರಾಮ ಎಂದು ಉತ್ತರವನ್ನೂ ಕೊಟ್ಟರು.

ಸುಳ್ಳು ಯಾಕೆ ಹೇಳಲಿ, ಗುರುವಾರ ಬೆಳಿಗ್ಗೆ ನೀರು ಒಂದೇ ಸಲಕ್ಕೆ ಗಡಗಡನೆ ಇಳಿಯಿತು. ಸೋಮವಾರ ಒಡೆದ ನಲ್ಲಿಯ ಪೈಪಿನಿಂದಾಗಿ ಎರಡೂ ಮನೆಯಲ್ಲಿ ಸ್ನಾನವಿಲ್ಲ, ಬಟ್ಟೆ ಒಗೆದಿಲ್ಲ, ಟಾಕಿಗೆ ನೀರೇ ಹೋಗಿರಲಿಲ್ಲ. ಹೀಗಾಗಿ ಅದಕ್ಕೊಂದಿಷ್ಟು ಉಸಿರಾಡಲು ಆಗಿತ್ತು. ಅದು ನನಗೆ ಹೊಳೆದದ್ದು ಬಹಳ ತಡವಾಗಿ. ಅವತ್ತು ನಾನೂ ಹಿಗ್ಗಿ ಭಾವನವರಿಗೆ ಎರಡು ಮಿರ್ಚಿ ಹೆಚ್ಚಿಗೆ ಕರಿದು ಕೊಟ್ಟೆ. ಕರಿದ ಎಣ್ಣೆಯನ್ನು ಎಂದಿನಂತೆ ಸಿಂಕಿಗೇ ಚೆಲ್ಲಿದೆ. ತಪ್ಪು ಅವರೊಬ್ಬರದೇ ಅಲ್ಲ ಎಂದು ಹೇಳಲಿಕ್ಕೆ ಇದನ್ನೂ ಬರೆಯುತ್ತಿದ್ದೇನೆ.

ಹನ್ನೊಂದು ಗಂಟೆಗೆ ಹಿತ್ತಲಿನಿಂದ ಕೂಗು ಬಂತು. "ಹಸಿವ್ಯಾಗೇತಿ! ಬೆಲ್ಲ ಹಾಕ್ರಿ!"

ಭಾವ ಒಂದಚ್ಚು ಬೆಲ್ಲ ಹಾಕಿದರು. ಹನ್ನೊಂದೂವರೆಗೆ ಮತ್ತೆ ಕೂಗು. ಮಜ್ಜಿಗೆ ಕೇಳಿತು. ಹನ್ನೆರಡಕ್ಕೆ ಸಗಣಿ. ಮಧ್ಯಾಹ್ನ ಬೇಕರಿಯ ಈಸ್ಟು ಬೇಕೆಂದು ಹಟ ಹಿಡಿಯಿತು. ಅಷ್ಟೂ ಮಹಾನಂದಕ್ಕನ ದನಿಯಲ್ಲಿ! ಓಣಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ನಿಂತು, ಈ ವಯಸ್ಸಿನಲ್ಲಿ ಹೆಂಡತಿಗೆ ಊಟ ಹಾಕದೆ ಹಿತ್ತಲಲ್ಲಿ ಕೂಡಿ ಹಾಕಿದ್ದಾರಲ್ಲ ಎಂದು ಭಾವನವರನ್ನು ಬಾಯಿಗೆ ಬಂದಂತೆ ಬೈದು ಹೋದಳು. ಮಹಾನಂದಕ್ಕ ಬಾಗಿಲಿಗೆ ಬಂದು ತಾನು ಉಂಡಿದ್ದೇನೆ ಎಂದು ತೋರಿಸಬೇಕಾಯಿತು.

ಶುಕ್ರವಾರ ಸುದ್ದಿ ಓಣಿಯ ತುಂಬ ಹಬ್ಬಿತು. ನಮ್ಮ ಕಡೆ ಹೆಪ್ಪಿನ ವಿಷಯದಲ್ಲಿ ಒಂದು ರೂಢಿ ಇದೆ. ಯಾರಾದರೂ ವಾಟಿ, ಅಂದರೆ ಬಟ್ಟಲು, ಹಿಡಿದು ಬಂದರೆ, ಜಗಳವಾಡಿ ಮಾತು ಬಿಟ್ಟ ಮನೆಯವರೂ ಇಲ್ಲವೆನ್ನುವುದಿಲ್ಲ. ತಂದವರು ಇನ್ನೊಂದು ದಿನ ತಮ್ಮ ಮನೆಯ ಹೆಪ್ಪು ಕೊಟ್ಟು ಋಣ ತೀರಿಸುತ್ತಾರೆ. ಭಾವನವರು ಟಾಕಿಗೆ ಹೆಪ್ಪು ಬೆಳೆಸುತ್ತಿದ್ದಾರೆ ಎಂದು ಕೇಳಿದ್ದೇ ತಡ, ಹನ್ನೊಂದು ಮನೆಯ ಹೆಂಗಸರು ವಾಟಿ ಹಿಡಿದು ಬಂದರು. ಒಬ್ಬಳದು ಎಮ್ಮೆ ಮೊಸರು, ಒಬ್ಬಳದು ದೋಸೆ ಹಿಟ್ಟು, ಒಬ್ಬಳದು ಮೂರು ದಿನದ ಅಂಬಲಿ. ಎಲ್ಲವೂ ಡ್ರಮ್ಮಿಗೆ ಹೋದವು. ಹೋಗುವಾಗ ಅದೇ ವಾಟಿಯಲ್ಲಿ ಹೆಪ್ಪುರಾಜನ ಹೆಪ್ಪು ತುಂಬಿಕೊಂಡು, ತಮ್ಮ ತಮ್ಮ ಟಾಕಿಗೆ ಹಾಕಿಕೊಂಡರು. ಅವರ ಟಾಕಿಗಳಿಗೆ ಯಾವ ರೋಗವೂ ಇರಲಿಲ್ಲ! ಇರಲಿ, ಸಿಗುತ್ತದಲ್ಲ ಎಂದು ಒಯ್ದರು.

ನಾನು ಸಿಟ್ಟಿಗೆದ್ದು ಸೀಟಿ ಊದಿದೆ. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು ನಾನು. ಸೀಟಿ ಇನ್ನೂ ಸೊಂಟದಲ್ಲೇ ಇದೆ. ಹೆಂಗಸರು ಅಭ್ಯಾಸಬಲದಿಂದ ಸಾಲಾಗಿ ನಿಂತರೇ ಹೊರತು ಯಾರೂ ಮನೆಗೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮಗಳು ದಾನಿ ಬಂದಳು. ಬಂದವಳೇ ಚೀಲ ನನ್ನ ಕೈಗೆ ಕೊಟ್ಟು ಒಳಗೆ ಓಡಿದಳು. ಐದು ನಿಮಿಷದ ಮೇಲೆ ಹೊರಗೆ ಬಂದು, ಒಳಗೆ ಬ್ರೆಡ್ಡಿನ ಅಂಗಡಿಯ ವಾಸನೆ ಬರುತ್ತಿದೆ, ನೀರು ಇಳಿಯುವ ಬದಲು ಏರುತ್ತಿದೆ ಎಂದಳು. ನನಗೆ ಅಳುವೇ ಬಂತು. ಭಾವನವರು ಮಾತ್ರ ಹುಳಗಳು ಚುರುಕಾದ ಲಕ್ಷಣವಿದು ಎಂದು ಡೈರಿಯಲ್ಲಿ ಬರೆದುಕೊಂಡರು.

ಆ ಹೊತ್ತಿನಲ್ಲಿ ನನ್ನ ಯಜಮಾನರಿಗೂ ಬುದ್ಧಿ ಓಡಿತು. ಅವರ ಬುದ್ಧಿ ವರ್ಷಕ್ಕೊಮ್ಮೆ ಓಡುತ್ತದೆ, ಓಡಬಾರದ ದಿನವೇ ಓಡುತ್ತದೆ. ಬೀಗರು ಬಂದಾಗ ವಾಸನೆ ಬರಬಾರದೆಂದು ಯಾರಿಗೂ ಹೇಳದೆ ನಾಲ್ಕು ಬಾಟಲಿ ಫಿನಾಯಿಲು, ಎರಡು ಪಾಕೀಟು ಬ್ಲೀಚಿಂಗ್ ಪುಡಿ ತಂದು ಪೂರ್ತಿ ಪಾಯಖಾನೆಗೆ ಸುರಿದುಬಿಟ್ಟರು. ಹತ್ತೇ ನಿಮಿಷ. ಹಿತ್ತಲಿನಿಂದ ನರಳುವ ದನಿ ಕೇಳಿತು.

"ಕಣ್ಣ ಉರಿಯಾಕತ್ತಾವ... ಯಾವ ಪಾಪಿ ಹಾಕಿದಾ..."

"ಈ ಮಾತು ನಾ ರೆಕಾರ್ಡ್ ಮಾಡಿಲ್ಲ," ಎಂದು ಮಹಾನಂದಕ್ಕ ನನ್ನ ಕೈ ಹಿಡಿದುಕೊಂಡಳು. ಅವಳು ಹೇಳಿದ್ದು ಬಿಡಿ ಬಿಡಿ ಶಬ್ದ. ಹೆಪ್ಪುರಾಜ ಅವನ್ನು ಜೋಡಿಸಿ ತನಗೆ ಬೇಕಾದ ಮಾತು ಮಾಡಲು ಕಲಿತುಬಿಟ್ಟಿದ್ದ.

ಆಮೇಲೆ ಸದ್ದೇ ಇಲ್ಲ. ಭಾವನವರು ಗಾಳಿಕೊಳವೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ಶಲ್ಯ ತೆಗೆದು ಕಣ್ಣೊರೆಸಿಕೊಂಡರು. ಅಣ್ಣತಮ್ಮಂದಿರಿಗೆ ಜಗಳ ಹತ್ತಿಕೊಂಡಿತು. ಕೋಟಿಗಟ್ಟಲೆ ಜೀವ ತೆಗೆದ ಕಟುಕ ನೀನು ಎಂದು ಅಣ್ಣ, ನಮ್ಮ ಮಾನ ತೆಗೆಯುವ ಮಹಾನುಭಾವ ನೀನು ಎಂದು ತಮ್ಮ. ಮಾತು ನಿಂತಿತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ನನ್ನ ಮುಖಾಂತರ ಕೇಳಿದರು. ನಾನು ಇಬ್ಬರಿಗೂ ಉಪ್ಪು ಕೊಡಲಿಲ್ಲ.

ಸತ್ತ ಹುಳಗಳ ಜಾಗ ತುಂಬಬೇಕಲ್ಲ! ಭಾವನವರು ಸಂಜೆ ಉಗ್ರಾಣ ಹೊಕ್ಕು, ಹೋಳಿಗೆಗೆಂದು ತರಿಸಿಟ್ಟಿದ್ದ ಐದು ಕಿಲೋ ಬೆಲ್ಲವನ್ನೂ ಎತ್ತಿ ಡ್ರಮ್ಮಿಗೆ ಹಾಕಿದರು. ಹೋಳಿಗೆಗೆ ನಾನು ರಾತ್ರಿ ಮತ್ತೆ ಬೆಲ್ಲ ತರಿಸಬೇಕಾಯಿತು. ಉಳಿದ ಈಸ್ಟು ಹಾಕಿದರು. ತಿರುಪನ್ನು ಹತ್ತಕ್ಕೆ ತಿರುಗಿಸಿ, ಕರೆಂಟು ಹೋದರೂ ನಿಲ್ಲದಿರಲೆಂದು ಇನ್ವರ್ಟರಿಗೆ ಜೋಡಿಸಿದರು. ತಿರುಪು ಹತ್ತರಲ್ಲೇ ಮುರಿದು ಕೈಗೆ ಬಂತಂತೆ. ಅದನ್ನು ನಮಗೆ ಹೇಳಲಿಲ್ಲ.

ಭಾನುವಾರ ಹತ್ತೂವರೆಗೆ ಬೀಗರು ಬಂದರು. ದಾನಿಯ ಮಾವ ಮಲ್ಲನಗೌಡರು ಕುಷ್ಟಗಿ ಕಡೆಯವರು, ತೂಕದ ಮನುಷ್ಯರು; ಮಾತೂ ತೂಕ, ಮೈಯೂ ತೂಕ. ಹಿತ್ತಲಿಗೆ ಹಂದರ ಹಾಕಿಸಿದ್ದೆವು. ಗೌಡರನ್ನು ಎಲ್ಲಿ ಕೂಡ್ರಿಸೋಣ ಎಂದು ನೋಡಿದರೆ, ಭಾವನವರೇ ಕೈಹಿಡಿದು ಕರೆತಂದು ಮಾವನವರ ಬೆಂಚಿನ ಮೇಲೆ ಕೂಡ್ರಿಸಿದರು. ಎರಡೂ ಪಕ್ಕಕ್ಕೆ ಅವರ ಇಬ್ಬರು ತಮ್ಮಂದಿರು ಕೂತರು. ನಮ್ಮಪ್ಪನ ಬೆಂಚು ಒಂದಿಂಚೂ ಅಲುಗುವುದಿಲ್ಲ ಎಂದು ಭಾವ ಅವರಿಗೂ ಹೇಳಿದರು.

ದಾನಿ ಹಸಿರು ಸೀರೆಯುಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ಮಣೆಯ ಮೇಲೆ ಕೂತಳು. ಎಷ್ಟು ಚೆಂದ ಕಂಡಳೆಂದರೆ ಒಂದು ಗಳಿಗೆ ನಾನು ಟಾಕಿಯನ್ನೂ ಮರೆತೆ. ಆರತಿ ತಟ್ಟೆ ಎತ್ತಿದ್ದೆವಷ್ಟೆ, ಅವಳು ನನ್ನ ಸೆರಗು ಜಗ್ಗಿದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಹೋಗಿ ಬಾ ಎಂದೆ.

ಹೋದವಳು ಹೋದಷ್ಟೇ ವೇಗದಲ್ಲಿ ತಿರುಗಿ ಬಂದಳು. "ಅವ್ವಾ, ಒಳಗಿಂದ ನೊರಿ ಬರಾಕತ್ತೇತಿ. ಬಾಗಲಾ ತಗದ್ರ ಸೊಂಟದ ಮಟಾ ನೊರಿ!"

ಭಾವನವರ ಮನೆಯ ಪಾಯಖಾನೆಗೆ ಓಡಿಸಿದೆ. ಅಲ್ಲೂ ನೊರೆ. ಪಕ್ಕದ ಮನೆಗೆ ಕಳಿಸೋಣವೆಂದರೆ ಪಕ್ಕದ ಮನೆಯವಳೇ ಕಾಂಪೌಂಡಿನ ಮೇಲಿಂದ ನಮ್ಮಲ್ಲಿಗೆ ಬರಬಹುದೇ ಎಂದು ಕೇಳುತ್ತಿದ್ದಳು. ಎದುರು ಮನೆಯಲ್ಲಿ ನೊರೆ, ಮೂಲೆ ಮನೆಯಲ್ಲಿ ನೊರೆ. ಶುಕ್ರವಾರ ವಾಟಿ ಹಿಡಿದು ಬಂದ ಹನ್ನೊಂದು ಮನೆಯಲ್ಲೂ ಹೆಪ್ಪುರಾಜನ ನಾದ ಮುಟ್ಟಿ ಹೆಪ್ಪು ಉಕ್ಕತೊಡಗಿತ್ತು. ಅರವತ್ತು ಮಂದಿ ಅತಿಥಿಗಳು, ಒಂದು ಓಣಿ, ಹೋಗಲು ಒಂದೂ ಜಾಗವಿಲ್ಲ. ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ಹಂದರದ ಕಂಬಕ್ಕೆ ಒರಗಿ ನಿಂತಿದ್ದಳು. ಆ ನೋಟ ಯಾವ ತಾಯಿಗೂ ಬೇಡ.

ಆಗ ನೆಲದೊಳಗಿನಿಂದ ಡಬ್ ಎಂದು ಒಂದು ಸದ್ದು ಬಂತು. ಮಲ್ಲನಗೌಡರ ಕೈಯಲ್ಲಿದ್ದ ಪಾನಕದ ಲೋಟ ತುಳುಕಿತು. ಇನ್ನೊಂದು ಡಬ್. ಗೌಡರು ತಮ್ಮಂದಿರ ಸಮೇತ ನಾಲ್ಕು ಬೆರಳು ಮೇಲಕ್ಕೆ ಹೋದರು. ಅವರು ಗಂಭೀರ ಮನುಷ್ಯರು, ಏನೂ ಆಗಲಿಲ್ಲವೆಂಬಂತೆ ಲೋಟ ಹಿಡಿದೇ ಕೂತಿದ್ದರು. ಆಮೇಲೆ ಬೆಂಚು ನಿಧಾನವಾಗಿ, ಪಾತ್ರೆಯ ಬಾಯಿ ಮೀರಿ ಹಿಟ್ಟು ಉಬ್ಬಿದ ಹಾಗೆ, ಏರುತ್ತಲೇ ಹೋಯಿತು. ಒಂದು ಗೇಣು. ಎರಡು ಗೇಣು. ಮೂರು ಜನ ಬೀಗರನ್ನು ಹೊತ್ತುಕೊಂಡು ನಮ್ಮ ಮಾವನವರ ಹೆಸರು ಎಲ್ಲರ ಕಣ್ಣೆದುರಿಗೆ ಮೇಲೆದ್ದಿತು. ಬೆಂಚಿನ ಕೆಳಗಿನಿಂದ ಬೆಳ್ಳಗೆ ನೊರೆ ಉಕ್ಕಿ, ಗೌಡರ ಚಪ್ಪಲಿಗಳನ್ನು ತೇಲಿಸಿಕೊಂಡು ಹೋಯಿತು.

"ಅಪ್ಪ ಎದ್ದಾ!" ಎಂದು ಭಾವ ಕೈಮುಗಿದರು.

ಸ್ಪೀಕರಿನಿಂದ ಮಹಾನಂದಕ್ಕನ ದನಿ ಇಡೀ ಓಣಿಗೆ ಕೇಳುವಂತೆ ಬಂತು. "ಹೊಟ್ಟಿ ತುಂಬೇತಿ. ಒಳಗ ಜಾಗಾ ಸಾಲವಲ್ದು. ನಾವೂ ಕುಬಸಕ್ಕ ಬರತೇವಿ!"

ನಾನು ಓಡಿ ಹೋಗಿ ವೈರು ಕಿತ್ತೆ. ನಿಲ್ಲಲಿಲ್ಲ, ಇನ್ವರ್ಟರಿನ ವೈರು ಬೇರೆ ಇತ್ತು. ತಿರುಪು ಹುಡುಕಿದರೆ ತಿರುಪಿಲ್ಲ. ಯಜಮಾನರು ಕೊಳವೆ ಎಳೆಯಹೋಗಿ ನೊರೆಯಲ್ಲಿ ಜಾರಿ ಬಿದ್ದರು. ಭಾವನವರು ಮಾತ್ರ ಹೆಪ್ಪುರಾಜನ ಮುಂದೆ ಕೈ ಅಡ್ಡ ಹಿಡಿದು, ಇಂಥ ಶಕ್ತಿಯನ್ನು ಜಗತ್ತಿನಲ್ಲಿ ಯಾರೂ ಕಂಡಿಲ್ಲ, ಐದು ನಿಮಿಷ ಬಿಡು, ಎಷ್ಟು ಎತ್ತುತ್ತಾನೆ ಬರೆದುಕೊಳ್ಳುತ್ತೇನೆ ಎಂದು ಗೋಗರೆದರು. ಅವರ ಎರಡೂ ಕಣ್ಣಲ್ಲಿ ನೀರಿತ್ತು. ನನಗೂ ಒಂದು ಕ್ಷಣ ಅಯ್ಯೋ ಅನ್ನಿಸಿತು.

ದಾನಿ ಮೆಲ್ಲಗೆ ಬಂದು ಅವರ ತೋಳು ಮುಟ್ಟಿದಳು. "ದೊಡ್ಡಪ್ಪಾ, ನನಗ ಇನ್ನ ತಡಕೊಳ್ಳಾಕ ಆಗೂದಿಲ್ಲ."

ಈ ಹುಡುಗಿ ಹುಟ್ಟಿದ ದಿನ ಆಸ್ಪತ್ರೆಯಿಂದ ಎತ್ತಿಕೊಂಡು ಬಂದವರು ಅವರು. ಸ್ವಂತ ಮಕ್ಕಳಿಲ್ಲದ ಮನುಷ್ಯ, ಇವಳಿಗಾಗಿ ತೊಟ್ಟಿಲು ತಾನೇ ತೂಗುವ ಯಂತ್ರ ಮಾಡಿ, ಅದರಲ್ಲಿ ಮೊದಲು ತಾವೇ ಮಲಗಿ ನೋಡಿ, ಕೆಳಗೆ ಬಿದ್ದು ಹಲ್ಲು ಮುರಿದುಕೊಂಡವರು. ಭಾವ ಅವಳ ಮುಖ ನೋಡಿದರು. ಹೆಪ್ಪುರಾಜನ ಮುಖ ನೋಡಿದರು. ಇನ್ವರ್ಟರಿನ ವೈರೂ ಕಿತ್ತು, ಅವನನ್ನು ಎರಡೂ ಕೈಯಲ್ಲಿ ಎತ್ತಿ, ದನದ ನೀರಿಗಿಟ್ಟ ಕಲ್ಲುಬಾನಿಯೊಳಗೆ ಮುಳುಗಿಸಿಬಿಟ್ಟರು.

ನೀರೊಳಗಿನಿಂದ ಕೊನೆಯ ಮಾತು ಗುಳ್ಳೆಗುಳ್ಳೆಯಾಗಿ ಬಂತು. "ನಮ್ಮನ್ನ ನಮ್ಮಷ್ಟಕ್ಕ ಬಿಡ್ರಿ..."

"ಇದೊಂದ ಮಾತು ಮಾತ್ರ ನನ್ನದು," ಎಂದಳು ಮಹಾನಂದಕ್ಕ. "ಮೂವತ್ತು ವರ್ಷದಿಂದ ಹೇಳಾಕತ್ತೇನಿ."

ನಾದ ನಿಂತ ಮೇಲೆ ನೊರೆ ಉಸ್ಸೆಂದು ಇಳಿಯಿತು. ಬೆಂಚು ಒಂದು ಕಡೆಗೆ ವಾಲಿ ಕೂತಿತು. ಗೌಡರನ್ನೂ ತಮ್ಮಂದಿರನ್ನೂ ಕೈಹಿಡಿದು ಇಳಿಸಿದೆವು. ಆಗ ಕಂಡಿತು ನೋಡಿ! ಬೆಂಚಿನ ಕಾಲ ಕೆಳಗೆ ಚೌಕಾಕಾರದ ಸಿಮೆಂಟಿನ ಹಲಗೆ, ಅದರ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಳೆ. ಟಾಕಿಯ ಮುಚ್ಚಳ! ಸೋಮವಾರ ಇಡೀ ಹಿತ್ತಲು ಅಗೆದು ಸುಸ್ತಾಗಿ, ಅದರ ಮೇಲೆಯೇ ಕೂತು ಚಹಾ ಕುಡಿದಿದ್ದೆವು.

ನಾನು ಭಾವನವರ ಕಡೆ ತಿರುಗಿದೆ. ಅವರು ಶಲ್ಯದ ಅಂಚು ಹಿಂಡುತ್ತ ನಿಂತಿದ್ದರು. ಅವತ್ತು ಗೌಂಡಿ ಬೆಂಚಿಗೆ ಅಡಿಪಾಯ ಅಗೆಯಬೇಕು ಎಂದನಂತೆ. ಇಲ್ಲಿ ಒಳ್ಳೆಯ ಸಿಮೆಂಟಿನ ಹಲಗೆ ಸಿದ್ಧವಾಗೇ ಇದೆಯಲ್ಲ, ಅಗೆಯುವುದು ಯಾಕೆ ಎಂದು ಇವರೇ ಹೇಳಿದರಂತೆ. ಅದು ಯಾತರ ಹಲಗೆ ಎಂದು ವಿಚಾರ ಮಾಡಲು ಆ ವಾರ ಅವರಿಗೆ ಪುರುಸ್ತು ಇರಲಿಲ್ಲ. ರೊಟ್ಟಿಯ ಯಂತ್ರ ನಡೆದಿತ್ತು.

ದಾವಲಸಾಬನಿಗೆ ಫೋನ್ ಮಾಡಿ ಮುಚ್ಚಳ ಸಿಕ್ಕಿತು ಎಂದೆ. ಹೇಗೆ ಸಿಕ್ಕಿತು ಎಂದು ಕೇಳಿದ. ಅದೇ ಎದ್ದು ಬಂತು ಎಂದೆ. ಅವನು ಹೆಚ್ಚು ಕೇಳಲಿಲ್ಲ, ಕಾಲು ತಾಸಿನಲ್ಲಿ ಗಾಡಿ ತಂದ. ಅಷ್ಟರಲ್ಲಿ ನಾನು ಸೀಟಿ ಊದಿ ಅರವತ್ತು ಮಂದಿಯನ್ನೂ ಹಿತ್ತಲಿನಿಂದ ಮುಂದಿನ ಅಂಗಳಕ್ಕೆ ಸಾಲಾಗಿ ನಡೆಸಿ, ದಾನಿಯನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಅವಳ ಎದುರಿಗೆ ಯಾರೂ ನೀರು ಕುಡಿಯಬಾರದು, ಸುರಿಯಬಾರದು, ನೀರಿನ ಮಾತೂ ಆಡಬಾರದು ಎಂದು ಅಪ್ಪಣೆ ಮಾಡಿದೆ. ಗೌಡರು ಕೂಡ ಬರಿಗಾಲಿನಲ್ಲಿ ಸಾಲಿಗೆ ನಿಂತರು.

ಯಜಮಾನರೂ ಭಾವನವರೂ ಸೇರಿ ಬೆಂಚು ಸರಿಸಿದರು. ಶನಿವಾರದ ಜಗಳದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು, ಆ ಕಡೆ ಹಿಡಿ ಎಂಬುದು. ದಾವಲಸಾಬ ಮುಚ್ಚಳ ಎತ್ತಿ, ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದ ಕೋಲು ಇಳಿಸಿ ನೋಡಿದ. ಹದಿನಾಲ್ಕು ವರ್ಷದ ರಾಡಿ ಕಲ್ಲಿನ ಹಾಗೆ ತಳದಲ್ಲೇ ಇತ್ತು. ಬೆಲ್ಲ, ಈಸ್ಟು, ಮೊಸರು, ಪುಡಿ ಯಾವುದೂ ಅದನ್ನು ಮುಟ್ಟಿರಲಿಲ್ಲ. ಅದರ ಮೇಲೆ ನನ್ನ ಮಿರ್ಚಿಯ ಎಣ್ಣೆ ಗಟ್ಟಿಯಾಗಿ ತೇಲುತ್ತಿತ್ತು. ನಾನು ಬೇವಿನ ಮರ ನೋಡಿದೆ.

ಮೋಟರು ಅರ್ಧ ತಾಸು ಭೋರ್ಗರೆಯಿತು. ನನ್ನ ಆಯುಷ್ಯದಲ್ಲಿ ಅಷ್ಟು ಉದ್ದದ ಅರ್ಧ ತಾಸು ಇನ್ನೊಂದಿಲ್ಲ. ಆಯಿತು ಎಂದು ದಾವಲಸಾಬ ಕೈಯೆತ್ತಿದ್ದೇ ದಾನಿ ಹಸಿರು ಸೀರೆಯ ನಿರಿಗೆ ಹಿಡಿದುಕೊಂಡು ಹೋದಳು. ಅರವತ್ತು ಮಂದಿಯೂ ಉಸಿರು ಬಿಗಿಹಿಡಿದು ಕಾದರು. ಒಳಗೆ ಬಕೆಟ್ಟಿನ ನೀರು ಸುರಿದ ಸದ್ದು, ಅದರ ಹಿಂದೆಯೇ ಗಡಗಡಗಡ ಎಂದು ಒಂದೇ ಉಸಿರಿಗೆ ಇಳಿದ ಸದ್ದು. ಸಂಗೀತ ಕಚೇರಿಯಲ್ಲೂ ನಾನು ಅಷ್ಟು ಮೈಮರೆತಿಲ್ಲ. ಮಗಳು ಹೊರಗೆ ಬಂದು ನಕ್ಕಳು. ಗೌಡರು ಚಪ್ಪಾಳೆ ತಟ್ಟಿಯೇಬಿಟ್ಟರು, ಆಮೇಲೆ ನಾಚಿಕೊಂಡರು.

ದಾವಲಸಾಬ ಪೈಪು ಸುತ್ತುತ್ತಿದ್ದಾಗ ಭಾವನವರು ಮೆಲ್ಲಗೆ ಅವನ ಹತ್ತಿರ ಹೋದರು. ಕೈಯಲ್ಲಿ ಒಂದು ವಾಟಿ. ಖಾಲಿ ಟಾಕಿ ಹಾಗೇ ಬಿಡಬಾರದು, ಶುರುವಿಗೆ ಒಂದು ಚಮಚದಷ್ಟಾದರೂ ಹೆಪ್ಪು ಬೇಡವೇ ಎಂದು ಕೇಳಿದರು. ದಾವಲಸಾಬ ಹಂದರದ ಕಡೆ ನೋಡಿದ.

"ಇವತ್ತ ಹೋಳಿಗಿ ಉಣ್ಣಾಕ ಎಷ್ಟ ಮಂದಿ ಬಂದಾರ್ರಿ?"

"ಅರವತ್ತು," ಎಂದರು ಭಾವ.

"ಹಂಗಾರ ನಾಳೆ ಮುಂಜಾನಿಗೆ ಹೆಪ್ಪು ತಾನ ಬೀಳತೈತಿ ಬಿಡ್ರಿ."

ಭಾವ ವಾಟಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ದಾವಲಸಾಬ ನಮ್ಮಲ್ಲೇ ಹೋಳಿಗೆ ಉಂಡು, ಉಳಿದ ಹನ್ನೊಂದು ಮನೆಗಳ ಕಡೆ ಗಾಡಿ ತಿರುಗಿಸಿದ. ಎಲ್ಲರೂ ವಾಟಿಯ ಬದಲು ಈಗ ಸಲಿಕೆ ಹಿಡಿದು ತಮ್ಮ ತಮ್ಮ ಮುಚ್ಚಳ ಹುಡುಕುತ್ತಿದ್ದರು. ತಡವಾದರೂ ನಮ್ಮ ದಾನಿಯ ಆರತಿ ಚೆನ್ನಾಗಿ ನಡೆಯಿತು.

ಮಾವನವರ ಬೆಂಚು ಈಗ ಮುಂದಿನ ಅಂಗಳದಲ್ಲಿದೆ. ಅದಕ್ಕೆ ಅಡಿಪಾಯ ಅಗೆಸುವಾಗ ಗುಂಡಿಯ ಪಕ್ಕ ನಾನೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕರಿದ ಎಣ್ಣೆಯನ್ನು ಈಗ ಡಬ್ಬಿಯಲ್ಲಿ ಕೂಡಿಡುತ್ತೇನೆ, ಫಿನಾಯಿಲಿನ ಬಾಟಲಿ ಯಜಮಾನರ ಕೈಗೆ ಸಿಗದ ಕಪಾಟಿನಲ್ಲಿದೆ. ಟಾಕಿಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ: "ಟಾಕಿ ಇಲ್ಲಿದೆ. ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಒಳಗೆ ಏನೂ ಹಾಕಬಾರದು, ಮೇಲೆ ಏನೂ ಕಟ್ಟಬಾರದು." ಹೋದ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಬಂದ ಮಲ್ಲನಗೌಡರು ಅದನ್ನು ದೂರದಿಂದಲೇ ಎರಡು ಸಲ ಓದಿ, ನನ್ನ ಹತ್ತಿರ ಒಂದು ಸೀಮೆಸುಣ್ಣ ಕೇಳಿದರು. ಬಗ್ಗಿ ಕೆಳಗೆ ತಮ್ಮದೊಂದು ಸಾಲು ಸೇರಿಸಿದರು: "ಕೂರಲೂಬಾರದು."